ಡಬಲ್ ಪಾರ್ಟು ಬಾರದ ಮಾವ

ನಮ್ಮ ಮಾವನನ್ನು ನಾನು ನೋಡಿದ್ದು ಬಹಳ ಅಪರೂಪ. ಹಾಗೆಂದರೆ ಅವನು ದೇಶಾಂತರ ಹೋಗಿದ್ದನೆಂದು ತಿಳಿಯಬೇಡಿ. ಹೊಳೆನರಸೀಪುರದ ಅಜ್ಜಿ ಮನೆಯಲ್ಲಿ ಒಂದೇ ಸೂರಿನ ಕೆಳಗೆ, ಒಂದೇ ಸಾಲಿನಲ್ಲಿ ಕೂತು ಮುದ್ದೆ ನುಂಗುತ್ತ ನಾನೂ ಅವನೂ ವರ್ಷಗಟ್ಟಲೆ ಇದ್ದೆವು! ಆದರೆ ನನ್ನ ಪಕ್ಕದಲ್ಲಿ ಕೂತು ಮುದ್ದೆ ನುಂಗುತ್ತಿದ್ದವನು ಒಂದು ತಿಂಗಳು ಚಕ್ರವರ್ತಿ, ಮತ್ತೊಂದು ತಿಂಗಳು ರಾಕ್ಷಸ, ಇನ್ನೊಂದು ತಿಂಗಳು (ನಗಬಾರದು) ಪಟ್ಟದ ರಾಣಿ. ಮಾವನು ಮಾವನಾಗಿಯೇ ಸಿಗುತ್ತಿದ್ದುದು ಒಂದು ನಾಟಕ ಮುಗಿದು ಇನ್ನೊಂದರ ಪಾರ್ಟು ಕೈಗೆ ಬರುವವರೆಗಿನ ನಾಲ್ಕಾರು ದಿನ ಮಾತ್ರ. ಆಗ ಅವನು ಹೇಗಿರುತ್ತಿದ್ದ ಎನ್ನುತ್ತೀರಾ? ಸಪ್ಪೆ! ಉಪ್ಪಿಲ್ಲದ ಸಾರು!

ಹೊಟ್ಟೆಪಾಡಿಗೆ ಅವನದು ಬಸ್ ಕಂಡಕ್ಟರಿಕೆ. ಬೆಳಿಗ್ಗೆ ಚನ್ನರಾಯಪಟ್ಟಣ, ಮಧ್ಯಾಹ್ನ ಹಾಸನ, ಸಂತೆಯ ದಿನ ಅರಕಲಗೂಡು. ಒಬ್ಬ ಸಾಹುಕಾರರ ಖಾಸಗಿ ಬಸ್ಸು. ಹುಚ್ಚು ಮಾತ್ರ ನಾಟಕದ್ದು. ಐವತ್ತರ ದಶಕದಲ್ಲಿ ನಮ್ಮ ಕಡೆ ಆ ಹುಚ್ಚಿಲ್ಲದ ಊರು ಯಾವುದಿತ್ತು ಹೇಳಿ! ಹಾರ್ಮೋನಿಯಂ ಮೇಷ್ಟರೊಬ್ಬರು ಪೆಟ್ಟಿಗೆ ಹೊತ್ತು ಬಸ್ಸಿನಿಂದ ಇಳಿದರೆಂದರೆ ಸಾಕು, ನೇಗಿಲು ಹಿಡಿದವನೂ ಗದೆ ಹಿಡಿಯಲು ಓಡಿ ಬರುತ್ತಿದ್ದ. ನಮ್ಮ ಮೇಷ್ಟರಂತೂ ನಾಟಕವನ್ನೂ ತಾವೇ ಬರೆಯುವ ಧೈರ್ಯಸ್ಥರು. ಅವರ ಚಕ್ರವರ್ತಿ ಯಾವ ದೇಶವನ್ನು ಆಳುತ್ತಿದ್ದ ಎಂಬುದು ಅವರಿಗೂ ಗೊತ್ತಿರಲಿಲ್ಲ, ಕೇಳುವವರಿಗೂ ಬೇಕಿರಲಿಲ್ಲ.

ಮಿಕ್ಕವರು ಪಾರ್ಟು ಹಿಡಿಯುತ್ತಿದ್ದರು. ನಮ್ಮ ಮಾವನನ್ನು ಪಾರ್ಟೇ ಹಿಡಿಯುತ್ತಿತ್ತು! ಮೇಷ್ಟರು ಪೂಜೆ ಮಾಡಿ, ತೆಂಗಿನಕಾಯಿ ಒಡೆದು, ಮೊದಲ ಮಾತು ಹೇಳಿಕೊಟ್ಟ ಗಳಿಗೆಯಿಂದ ನಾಟಕದ ಕೊನೆಯಲ್ಲಿ ಮಂಗಳ ಹಾಡುವ ತನಕ ಅವನು ಆ ಪಾರ್ಟೇ. "ನಾಂದಿಗೂ ಮಂಗಳಕ್ಕೂ ಮಧ್ಯ ಮೊಕ ತೊಳುದ್ರೆ ಬಣ್ಣ ಮುನಿಸ್ಕೊತದೆ" ಎಂಬುದು ಅವನ ಸಿದ್ಧಾಂತ. ಬಣ್ಣ ಹಚ್ಚುವುದು ನಾಟಕದ ದಿನ ಮಾತ್ರ ಅಲ್ಲವೇ, ಅದಕ್ಕೆ ಮೊದಲು ಒಂದು ತಿಂಗಳು ಯಾವ ಬಣ್ಣ ಮುನಿಸಿಕೊಳ್ಳುತ್ತದೆ ಎಂದು ಕೇಳಿದರೆ ಚಕ್ರವರ್ತಿಗಳು ಕಣ್ಣು ಕೆಂಪಗೆ ಮಾಡುತ್ತಿದ್ದರು.

ಈ ಹುಚ್ಚಿಗೆ ಮದ್ದು ಒಬ್ಬಳ ಬಾಯಲ್ಲಿತ್ತು. ಅವಳು ನಮ್ಮ ಅಜ್ಜಿ, ಮಾವನ ಹೆತ್ತವ್ವ. ಅಜ್ಜಿ ಒಂದು ದಿನವೂ ನಾಟಕದ ಚಪ್ಪರದ ಕಡೆ ತಲೆ ಹಾಕಿದವಳಲ್ಲ. "ಮೊಕಕ್ಕೆ ಬಣ್ಣ ಅಚ್ಕಳೋನ ಮನೆ ಗ್ವಾಡೆ ಸುಣ್ಣ ಕಾಣಾಕಿಲ್ಲ" ಎಂದು ಅವಳೇ ಕಟ್ಟಿಕೊಂಡ ಗಾದೆ. ನಮ್ಮ ಮನೆಯ ಗೋಡೆ ನೋಡಿದರೆ ಗಾದೆ ಸುಳ್ಳೆನ್ನಲು ಬಾಯಿ ಬರುತ್ತಿರಲಿಲ್ಲ. ಮಾವ ಮಾತ್ರ ಪ್ರತಿ ನಾಟಕಕ್ಕೂ ಮುಂದಿನ ಸಾಲಿನಲ್ಲಿ ಅವಳಿಗೆಂದು ಚಾಪೆ ಹಾಸಿಸುತ್ತಿದ್ದ. ಊರ ಮಕ್ಕಳೆಲ್ಲ ಅದರ ಮೇಲೆ ಮಲಗಿ ನಿದ್ದೆ ಹೊಡೆಯುತ್ತಿದ್ದವು. ಬೆಳಗಾದ ಮೇಲೆ ಬಣ್ಣದ ಮುಖದಲ್ಲೇ ಮನೆಗೆ ಬಂದು, "ಅವ್ವಾ, ಎಲ್ರೂ ಚೆಂದಾಗಿತ್ತು ಅಂದ್ರು ಕಣವ್ವಾ" ಎಂದು ನಿಲ್ಲುತ್ತಿದ್ದ. ಅಜ್ಜಿ ಒಲೆ ಊದುತ್ತ, "ಎಲ್ರೂ ಅಂದ್ರಲ್ಲ, ಎಲ್ರ ಮನೇಲೇ ಉಣ್ಣೋಗು" ಎನ್ನುತ್ತಿದ್ದಳು.

"ನಮ್ಮವ್ವ ಒಂದೇ ಒಂದ್ಸಲ 'ಚೆಂದಾಗಿ ಆಡ್ದೆ ಕಣ್ಲಾ' ಅಂದ್ಬುಟ್ರೆ ಸಾಕು ಕಣವ್ವಾ," ಎಂದು ಮಾವ ತನ್ನ ಸಪ್ಪೆ ದಿನಗಳಲ್ಲಿ ನನ್ನೆದುರು ಹೇಳಿಕೊಳ್ಳುತ್ತಿದ್ದ. "ಅವತ್ತಿಂದ ಬಣ್ಣದ ಸಾವಾಸ ಬುಟ್ಬುಡ್ತೀನಿ." ಇದನ್ನು ಅಜ್ಜಿಗೆ ತಿಳಿಸಿ ಒಂದು ಸುಳ್ಳನ್ನಾದರೂ ಹೇಳಿಸಬೇಕೆಂದು ಅತ್ತೆ, ಅಂದರೆ ಅವನ ಹೆಂಡತಿ, ಎಷ್ಟೋ ಸಲ ಪ್ರಯತ್ನಪಟ್ಟಳು. ಅಜ್ಜಿ ಜಪ್ಪಯ್ಯ ಎನ್ನಲಿಲ್ಲ. ಆಡದ ನಾಲಿಗೆಯಿಂದ ಮಾತು ಹೊರಡಿಸುವುದಕ್ಕಿಂತ ಹೇಮಾವತಿ ಹೊಳೆಯನ್ನು ಹಿಂದಕ್ಕೆ ಹರಿಸುವುದೇ ಸಲೀಸು.

ಚಕ್ರವರ್ತಿಯ ತಿಂಗಳುಗಳಲ್ಲಿ ಮಾವನ ಬಸ್ಸು ಹತ್ತುವುದಕ್ಕೆ ಜನ ಬೇರೆ ಬಸ್ಸು ಬಿಟ್ಟು ಕಾಯುತ್ತಿದ್ದರು! "ರೈಟ್" ಎನ್ನುವ ಕಡೆ "ರಥವು ಮುಂದುವರಿಯಲಿ" ಎನ್ನುತ್ತಿದ್ದ. ಡ್ರೈವರ್ ಸಾಬರಿಗೆ ಇವನ ಸಹವಾಸ ಹಳತು. "ಜೀ ಹುಜೂರ್" ಎಂದು ಗೇರು ಹಾಕುತ್ತಿದ್ದರು. ಒಮ್ಮೆ ಒಬ್ಬ ಮುದುಕಪ್ಪ ಕೋಳಿ ಬುಟ್ಟಿಯ ಸಮೇತ ಹತ್ತಿದ.

"ಎಲೈ ವೃದ್ಧನೇ! ಯಾವ ನಗರಿಗೆ ನಿನ್ನ ಪಯಣ?"

"ಅರ್ಕಲ್ಗೂಡ್ಗೆ ಕಣಪ್ಪ."

"ಹಾಗಾದರೆ ಕಪ್ಪಕಾಣಿಕೆಯನ್ನು ಒಪ್ಪಿಸಿ ಆಸನವನ್ನು ಅಲಂಕರಿಸು!"

ಮುದುಕ ಬುಟ್ಟಿಯನ್ನು ಎದೆಗೊತ್ತಿಕೊಂಡು, "ಕೋಳಿ ಮಾತ್ರ ಕೇಳ್ಬ್ಯಾಡಿ ಸಾ, ಬೀಗ್ರಿಗೆ ತಕ್ಕೊಂಡೋಯ್ತಿವ್ನಿ" ಎಂದು ಬೇಡಿಕೊಂಡ.

ಚನ್ನರಾಯಪಟ್ಟಣದ ದಾರಿಯಲ್ಲಿ ಒಂದು ದಿನ ಸಾಹುಕಾರರ ಕಡೆಯ ಚೆಕಿಂಗಿನವನು ಕೈ ಅಡ್ಡ ಹಾಕಿ ಬಸ್ಸು ನಿಲ್ಲಿಸಿದ. ಹೊಸಬ, ಹುಬ್ಬು ಗಂಟಿನವನು. ನಾನು ಅಂದು ಬಸ್ಸಿನಲ್ಲೇ ಇದ್ದೆ. ಮಾವನ ಕೆಲಸ ಹೋಯಿತೆಂದೇ ಎಣಿಸಿದೆ. ಚೆಕಿಂಗಿನವನು "ಟಿಕೀಟು ನೋಡ್ಬೇಕಯ್ಯಾ" ಎಂದದ್ದೇ ತಡ, ಮಾವ ಎದೆ ಸೆಟೆಸಿ, "ಎಲವೋ! ಸಾರ್ವಭೌಮನ ರಥವನ್ನು ತಡೆಯುವ ಎದೆಗಾರಿಕೆ ನಿನಗೆ ಎಲ್ಲಿಂದ ಬಂತು?" ಎಂದು ಗುಡುಗಿದ. ಚೆಕಿಂಗಿನವನು ಮಾವನನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಟೋಪಿ ತೆಗೆದು, ನಡು ಬಗ್ಗಿಸಿ, "ಕ್ಷಮೆಯಿರಲಿ ಮಹಾಪ್ರಭು! ರಾಜ್ಯದಲ್ಲಿ ಚೋರರ ಹಾವಳಿ ಹೆಚ್ಚಾಗಿದೆ" ಎಂದ! ವಿಚಾರಿಸಿದರೆ ಆ ಪುಣ್ಯಾತ್ಮ ಚನ್ನರಾಯಪಟ್ಟಣದ ತಂಡದಲ್ಲಿ ಮಂತ್ರಿ ಪಾರ್ಟಿನವನು. ಮಂತ್ರಿಗಳು ಬಸ್ಸನ್ನೆಲ್ಲ ಶೋಧಿಸಿ ಟಿಕೀಟಿಲ್ಲದವನೊಬ್ಬನನ್ನು ಹಿಡಿದು ತಂದರು. ಚಕ್ರವರ್ತಿಗಳು, "ಇಂದು ನಮ್ಮ ಪಟ್ಟಾಭಿಷೇಕದ ದಿನ, ಬಿಟ್ಟುಬಿಡು" ಎಂದು ಅಪ್ಪಣೆ ಕೊಡಿಸಿದರು. ಜನ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಆ ಕಳ್ಳ.

ಮನೆಯಲ್ಲಿ ಇಷ್ಟು ಗೌರವ ಸಿಗುತ್ತಿರಲಿಲ್ಲ. ಚಕ್ರವರ್ತಿಗಳು ನಡುಮನೆಯಲ್ಲಿ ಒರಳುಕಲ್ಲಿನ ಮೇಲೆ ಆಸೀನರಾಗಿ, "ಯಾರಲ್ಲಿ?" ಎಂದು ಚಪ್ಪಾಳೆ ತಟ್ಟುತ್ತಿದ್ದರು. ಒಳಗಿನಿಂದ ಅತ್ತೆ, "ಯಾರೂ ಇಲ್ಲ, ನಾನೊಬ್ಳೇ ಇರಾದು. ಮುದ್ದೆ ತಣ್ಣಗಾಯ್ತದೆ, ಎದ್ ಬನ್ನಿ" ಎನ್ನುತ್ತಿದ್ದಳು. ಮುದ್ದೆಯ ಮುಂದೆ ಯಾವ ಸಾಮ್ರಾಜ್ಯ ತಾನೇ ನಿಲ್ಲುತ್ತದೆ!

ಪೇಚಿಗೆ ಬಂದದ್ದು ರಾಕ್ಷಸನ ಪಾರ್ಟು. ನಾಟಕದ ದಿನ ಅರ್ಧಕ್ಕೇ ಮಳೆ ಹೊಡೆದು ಚಪ್ಪರ ಕುಸಿಯಿತು. ಜನ ಚಾಪೆ ತಲೆಯ ಮೇಲೆ ಹೊದ್ದುಕೊಂಡು ಓಡಿದರು. ಮೇಷ್ಟರು ಹಾರ್ಮೋನಿಯಂ ಅಪ್ಪಿಕೊಂಡು ಓಡಿದರು. ಮಂಗಳ ಹಾಡುವವರು ಯಾರು? ಮಂಗಳವಾಗಲಿಲ್ಲ, ಆದ್ದರಿಂದ ರಾಕ್ಷಸನು ಹೋಗಲಿಲ್ಲ! ಬಿತ್ತನೆಯ ಕಾಲ ಬಂದು ಮರು ಪ್ರಯೋಗ ಮುಂದಕ್ಕೆ ಹೋಯಿತು. ಅಷ್ಟು ದಿನವೂ ನಮ್ಮ ಮನೆಯಲ್ಲಿ ಅಟ್ಟಹಾಸ. ಬೀದಿಯ ನಾಯಿಗಳು ನಮ್ಮ ಬಾಗಿಲ ಮುಂದೆ ಹಾಯುವುದನ್ನೇ ಬಿಟ್ಟವು. ಅದರ ಮಧ್ಯೆ ರಾಕ್ಷಸನಿಗೆ ದವಡೆ ಹಲ್ಲು ನೋವು ಬಂತು.

ಹಾಸನದ ಹಲ್ಲಿನ ಡಾಕ್ಟರರ ಹತ್ತಿರ ಅತ್ತೆಯೂ ನಾನೂ ಕರೆದುಕೊಂಡು ಹೋದೆವು. ಡಾಕ್ಟರರು ಪಾಪ, ಸಂಭಾವಿತರು. "ಸ್ವಲ್ಪ ಬಾಯಿ ಅಗಲಿಸಿ" ಎಂದರು. ರಾಕ್ಷಸನಿಗೆ ಬಾಯಿ ಅಗಲಿಸುವ ರೀತಿ ಒಂದೇ ತಾನೇ ಗೊತ್ತಿರುವುದು? "ಹಹ್ಹಹ್ಹಹ್ಹಾ!" ಹೊರಗೆ ಬೆಂಚಿನ ಮೇಲೆ ಕೆನ್ನೆ ಹಿಡಿದು ಕೂತಿದ್ದವರಲ್ಲಿ ಅರ್ಧ ಜನ ನೋವೇ ಇಲ್ಲವೆಂದು ಎದ್ದು ಹೋದರು. ಡಾಕ್ಟರರು ಬೆವರು ಒರೆಸಿಕೊಂಡು ಸೂಜಿ ಚುಚ್ಚಿದರು. ಮೂರು ಲೋಕ ನಡುಗಿಸಿದ ರಾಕ್ಷಸ ಆಗ ಕೂಗಿದ್ದು ಏನು ಗೊತ್ತೇ? "ಅವ್ವಾ!"

ಬಸ್ಸಿನಲ್ಲಿ ಹಿಂತಿರುಗುವಾಗ ನಾನು, "ಏನ್ ರಾಕ್ಷಸ ಮಾವ ನೀನು, ಅವ್ವಾ ಅಂತೀಯಲ್ಲ!" ಎಂದು ಕಾಲೆಳೆದೆ.

ಮಾವ ಊದಿದ ಕೆನ್ನೆಯಲ್ಲೇ ಗುಡುಗಿದ. "ಮೂಢಳೇ! ರಾಕ್ಷಸರೇನು ಮರದಲ್ಲಿ ಬಿಡುತ್ತಾರೆಯೇ? ಅವರಿಗೂ ಹೆತ್ತವಳಿರುವುದಿಲ್ಲವೇ?"

ಕೊನೆಗೆ ಅತ್ತೆಯೇ ಮೇಷ್ಟರನ್ನು ಮನೆಗೆ ಕರೆಸಿ, ಜಗಲಿಯ ಮೇಲೆ ಪೆಟ್ಟಿಗೆ ಬಾರಿಸಿ ಮಂಗಳ ಹಾಡಿಸಿ, ತಾನೇ ಆರತಿ ಎತ್ತಿ ರಾಕ್ಷಸನನ್ನು ಸಾಗಹಾಕಿದಳು. ಅಂದು ನಾಯಿಗಳೂ ಊಟಕ್ಕೆ ಬಂದವು.

ಇನ್ನು ರಾಣಿಯ ಕಥೆ. ಅರಕಲಗೂಡಿನ ತಂಡದಲ್ಲಿ ಸ್ತ್ರೀ ಪಾರ್ಟಿನವನು ಮೈಸೂರಿಗೆ ಓಡಿಹೋದನೆಂದು ಮಾವನಿಗೆ ಹೇಳಿಕಳಿಸಿದರು. ಮಾವ ಹಿಂದೆಮುಂದೆ ನೋಡದೆ ಮೀಸೆ ತೆಗೆದು ಬಂದ. ಅಜ್ಜಿ ಹೌಹಾರಿ, "ಯಾರ್ಲಾ ಸತ್ತೋರು?" ಎಂದಳು. "ಯಾರೂ ಇಲ್ಲ ತಾಯೀ" ಎಂದು ಮಾವ ಹೆಣ್ಣು ದನಿಯಲ್ಲಿ ಉಲಿದ. "ಅಂಗಾದ್ರೆ ನಾನೇ ಸಾಯ್ತೀನಿ ತಡಿ" ಎಂದು ಅಜ್ಜಿ ಪೊರಕೆ ಹುಡುಕಿದಳು. ಬಸ್ಸಿನಲ್ಲಿ ಅವನು ಸೀಟು ಸಿಕ್ಕಾಗಲೆಲ್ಲ ಹೆಂಗಸರ ಪಕ್ಕವೇ ನಾಚಿಕೊಂಡು ಕೂರಲು ಶುರುಮಾಡಿದಾಗ ಸಾಬರೂ ಕೈ ಮುಗಿದು, "ಚಕ್ರವರ್ತೀನೇ ವಾಪಸ್ ಕಳಿಸಪ್ಪಾ" ಎಂದರು.

ಅತ್ತೆಗೆ ಮಾತ್ರ ಆ ತಿಂಗಳು ಹಬ್ಬ! ಸಂಜೆ ಬಾಗಿಲು ಹಾಕಿಕೊಂಡು ನೆರಿಗೆ ಹಿಡಿಯುವುದನ್ನು, ಸೆರಗು ಸಿಕ್ಕಿಸುವುದನ್ನು ಗಂಡನಿಗೆ ಹೇಳಿಕೊಟ್ಟಳು. ಒಂದು ದಿನ ರಾಣಿಯವರು, "ಗಂಡನು ಅಲಕ್ಷಿಸಿದಾಗ ಸತಿಯು ಹೇಗೆ ದುಃಖಿಸುತ್ತಾಳೆ? ಹೇಳಿಕೊಡು ಸಖೀ" ಎಂದರು.

"ಅದನ್ನೂ ಯೋಳ್ಕೊಡ್ಬೇಕಾ? ಬನ್ನಿ ಕುಂತ್ಕಳಿ!" ಎಂದಳು ಅತ್ತೆ. "ನಾನ್ ಉಂಡ್ನಾ ಇಲ್ವಾ ಅಂತ ಒಂದಿನಾನಾರ ಕೇಳಿದ್ದೀರಾ? ನಿಮ್ ತಾವ ಒಂದ್ ಮಾತಾಡಾನ ಅಂದ್ರೆ ನೀವ್ ಯಾವತ್ತು ನೀವಾಗಿರ್ತೀರಾ? ನಾನ್ ಮದ್ವೆಯಾಗಿದ್ದು ಕಂಡಕ್ಟರ್‌ನಾ, ಇಲ್ಲ ಪರಪಂಚದಲ್ಲಿರೋ ರಾಜ್ರುನ್ನೆಲ್ಲಾನಾ?" ಹೀಗೆ ದೀಪ ಹಚ್ಚುವ ಹೊತ್ತಿನಿಂದ ಊಟದ ಹೊತ್ತಿನ ತನಕ ಪಾಠ ನಡೆಯಿತು. ರಾಣಿ ತಲೆಯಾಡಿಸುತ್ತ ಎಲ್ಲವನ್ನೂ ಬಾಯಿಪಾಠ ಮಾಡಿದರು. ಅರಕಲಗೂಡಿನ ರಂಗದ ಮೇಲೆ ನಿಂತು, "ಸ್ವಾಮೀ! ಈ ದಾಸಿಯು ಉಂಡಳೋ ಇಲ್ಲವೋ ಎಂದು ಒಂದು ದಿನವಾದರೂ ಕೇಳಿದಿರಾ?" ಎಂದು ಶುರುಮಾಡಿದರು ನೋಡಿ, ಹೆಂಗಸರ ಕಡೆಯಿಂದ ಅಳು ಎದ್ದದ್ದು ಗೊರೂರಿನವರೆಗೂ ಕೇಳಿಸಿರಬೇಕು! ಎಷ್ಟೋ ಗಂಡಸರು ತಲೆ ತಗ್ಗಿಸಿಕೊಂಡು ಮನೆಗೆ ಹೋದರಂತೆ. ಅತ್ತೆ ಕಣ್ಣೊರೆಸಿಕೊಂಡು, "ಸದ್ಯ, ಈಗ್ಲಾದ್ರೂ ಅರ್ಥ ಆಯ್ತಲ್ಲ" ಎಂದುಕೊಂಡಳು. ಮಾರನೆಯ ದಿನ ಮಾವ ಉಂಡು ಕೈ ತೊಳೆದು, ಇವಳು ಉಂಡಳೋ ಇಲ್ಲವೋ ಕೇಳದೆ ಬಸ್ಸಿಗೆ ನಡೆದ. ಕೇಳಿದರೆ, "ಮಂಗಳ ಆಯ್ತಲ್ಲ!" ಎಂದ.

ಇಷ್ಟೆಲ್ಲ ಹೇಳಿ ದೊಡ್ಡಮಾವನ ವಿಷಯ ಹೇಳದಿದ್ದರೆ ಹೇಗೆ? ಮಾವನ ಅಣ್ಣ. ಹೆಂಡತಿ ಸತ್ತ ಮೇಲೆ ಶ್ರವಣಬೆಳಗೊಳದಲ್ಲಿ ಒಂದು ಪಾತ್ರೆ ಅಂಗಡಿಯಲ್ಲಿ ಕೆಲಸಕ್ಕಿದ್ದು, ಶನಿವಾರ ಅಜ್ಜಿಯನ್ನು ನೋಡಲು ಬರುತ್ತಿದ್ದ. ತಮ್ಮ ಗುಡುಗಾದರೆ ಅಣ್ಣ ಸೋನೆ. ಯಾವ ಮಾತಿಗೂ ಮೊದಲು ಸಣ್ಣಗೆ ಕೆಮ್ಮಿ, "ಅಂಗಲ್ಲ ಕಣವ್ವಾ..." ಎಂದೇ ಆರಂಭ. ಅಜ್ಜಿಗೆ ಅವನೆಂದರೆ ಪ್ರಾಣ. ಅರವತ್ತರ ದಶಕ ಬರುವ ಹೊತ್ತಿಗೆ ಅಜ್ಜಿಯ ಕಣ್ಣಿಗೆ ಪೊರೆ ಕವಿದು ಏನೂ ಕಾಣದಾಗಿತ್ತು. ಬಚ್ಚಲಲ್ಲಿ ಜಾರಿ ಬಿದ್ದು ಹಾಸಿಗೆಯನ್ನೂ ಹಿಡಿದಿದ್ದಳು. ಎದೆ ಬಹಳ ಸೋತಿದೆ, ಗಾಬರಿಯ ಸುದ್ದಿ ಯಾವುದನ್ನೂ ಕಿವಿಗೆ ಹಾಕಬೇಡಿ ಎಂದು ಡಾಕ್ಟರರು ಹೇಳಿದ್ದರು. ಅಂಥದ್ದರಲ್ಲಿ ದೊಡ್ಡಮಾವನಿಗೆ ಜ್ವರ ಬಂತು. ಹಾಸನದ ಆಸ್ಪತ್ರೆಗೆ ಸೇರಿಸಿದ ನಾಲ್ಕೇ ದಿನಕ್ಕೆ ಹೋಗಿಬಿಟ್ಟ.

ಎಲ್ಲ ಮುಗಿಸಿ, ಹೊಳೆಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲಿ ಮನೆಗೆ ಬಂದು ಪಡಸಾಲೆಯಲ್ಲಿ ನಿಂತೆವು. ಅಜ್ಜಿಗೆ ಏನೆಂದು ಹೇಳುವುದು? ಅಷ್ಟರಲ್ಲಿ ಕೋಣೆಯಿಂದ ಅವಳ ದನಿಯೇ ಬಂತು. "ಯಾರ್ಲಾ ಅದು? ದೊಡ್ಡೋನು ಬಂದ್ನಾ?"

ಅತ್ತೆ ಸೆರಗು ಬಾಯಿಗೆ ತುರುಕಿಕೊಂಡಳು. ಆಗ ನನ್ನ ಬೆನ್ನ ಹಿಂದೆ ಯಾರೋ ಸಣ್ಣಗೆ ಕೆಮ್ಮಿದರು. "ಅಂಗಲ್ಲ ಕಣವ್ವಾ... ಬಸ್ಸು ತಡ ಆಗೋಯ್ತು."

ತಿರುಗಿ ನೋಡಿದರೆ ಮಾವ! ಹೆಗಲು ಇಳಿಬಿಟ್ಟುಕೊಂಡು, ದೊಡ್ಡಮಾವನ ಹಾಗೆಯೇ ಕಾಲು ಎಳೆಯುತ್ತ ಕೋಣೆಯೊಳಗೆ ಹೋದ.

ಅಜ್ಜಿಗೆ ಇಬ್ಬರು ಮಕ್ಕಳು ಬೇಕಲ್ಲ, ಬೆಳಿಗ್ಗೆ ತಮ್ಮನಾಗಿ ಸಂಜೆ ಅಣ್ಣನಾಗಿ ಬಂದರೆ ಆಗದೇ ಎಂದು ನಾನು ಅತ್ತೆಯನ್ನು ಕೇಳಿದೆ. "ಅಯ್ಯೋ, ಅವ್ರಿಗೆ ಡಬಲ್ ಪಾರ್ಟು ಬರಾಕಿಲ್ಲ ಕಣವ್ವಾ, ಗೊತ್ತಿಲ್ವಾ?" ಎಂದಳು. ಗೊತ್ತಿತ್ತು. ಮಂಗಳವಾಗದೆ ಅವನು ಹೊರಗೆ ಬರುವವನಲ್ಲ. ಈ ಪಾರ್ಟಿನ ಮಂಗಳ ಯಾವಾಗ ಎಂದು ಯೋಚಿಸಲು ನಮಗಿಬ್ಬರಿಗೂ ಧೈರ್ಯ ಸಾಲಲಿಲ್ಲ. ದೊಡ್ಡವನು ಅಂಗಡಿ ಕೆಲಸ ಬಿಟ್ಟು ಊರಿಗೇ ಬಂದಿದ್ದಾನೆ, ಚಿಕ್ಕವನು ನಾಟಕದ ಕಂಪನಿ ಸೇರಿ ಹುಬ್ಬಳ್ಳಿ ಕಡೆ ಹೋಗಿದ್ದಾನೆ ಎಂದು ಅಜ್ಜಿಗೆ ಹೇಳಿದೆವು. ಅಜ್ಜಿಗೆ ಒಂದಿಷ್ಟೂ ಅನುಮಾನ ಬರಲಿಲ್ಲ. "ಇವತ್ತಲ್ಲ ನಾಳೆ ಓಯ್ತಾನೆ ಅಂತ ಗೊತ್ತಿತ್ತು ಬುಡು" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.

ವರ್ಷದ ಮೇಲಾಯಿತು. ಬಸ್ಸಿನಲ್ಲಿ ಗುಡುಗು ನಿಂತಿತು. ಮಾವ ಕೆಮ್ಮಿಕೊಂಡು, "ಅಂಗಲ್ಲ... ಟಿಕೀಟು..." ಎಂದರೆ, "ಯಾಕ್ ಸ್ವಾಮಿ, ಮೈಗುಷಾರಿಲ್ವಾ?" ಎಂದು ಜನ ಕೇಳುತ್ತಿದ್ದರು. ಸಾಬರು ರೇಗಿಸುವುದನ್ನು ಬಿಟ್ಟು ಸುಮ್ಮನೆ ಬಸ್ಸು ಓಡಿಸಿದರು. ಹೊಸ ನಾಟಕಕ್ಕೆ ಚಕ್ರವರ್ತಿಯ ಪಾರ್ಟು ಕೊಡಲು ಮೇಷ್ಟರೇ ಮನೆಗೆ ಬಂದರು. ಮಾವ ತಲೆ ಕೆರೆದುಕೊಂಡು, "ಅಂಗಲ್ಲ ಮೇಷ್ಟ್ರೇ... ನಮ್ ತಮ್ಮ ಊರಲ್ಲಿಲ್ಲ" ಎಂದ. ಮೇಷ್ಟರು ನಗಬೇಕೋ ಅಳಬೇಕೋ ತಿಳಿಯದೆ ನನ್ನ ಮುಖ ನೋಡಿದರು. ನಾನು ಅವರಿಗೆ ಕಾಫಿ ತಂದುಕೊಟ್ಟೆ.

ಅಜ್ಜಿ ದಿನದಿಂದ ದಿನಕ್ಕೆ ಕುಂದಿದಳು. ಒಂದು ಮಧ್ಯಾಹ್ನ ಮಾವ ಪಕ್ಕದಲ್ಲಿ ಕೂತು ಗಂಜಿ ಕುಡಿಸುತ್ತಿದ್ದ. ಅವಳು ಚಮಚ ತಳ್ಳಿ, "ಆ ನಾಟಕ್ದೋನ್ದು ಏನಾರ ಸುದ್ದಿ ಬಂತಾ ದೊಡ್ಡೋನೇ?" ಎಂದಳು.

"ಅಂಗಲ್ಲ ಕಣವ್ವಾ... ಇನ್ನೂ ಬಂದಿಲ್ಲ."

"ನಾನೇ ಬೈದು ಬೈದು ಓಡುಸ್ಬುಟ್ಟೆ ಕಣ್ಲಾ. ಮನೆ ಇತ್ತಲಲ್ಲಿ ನಿಂತ್ಕಂಡು ಪಾರ್ಟು ಕಲೀತಿದ್ನಲ್ಲ, ನಾನು ಒಲೆ ಮುಂದೆ ಕುಂತು ಎಲ್ಲಾ ಕೇಳುಸ್ಕೊತಿದ್ದೆ. ಒಬ್ಬೊಬ್ಳೇ ನಗ್ತಿದ್ದೆ. ಚೆಂದಾಗೈತೆ ಅಂದ್ಬುಟ್ರೆ ಉಬ್ಬೋಗಿ ಕಂಪ್ನಿ ಸೇರ್ಕಂಡು ನನ್ ಬುಟ್ಟೋಯ್ತಾನೆ ಅಂತ ಬಾಯ್ ಮುಚ್ಕಂಡಿದ್ದೆ. ಆದ್ರೂ ಓಗ್ಬುಟ್ನಲ್ಲ."

ಬಾಗಿಲಲ್ಲಿ ನಿಂತಿದ್ದ ನಾನು ಅತ್ತೆಯ ಕೈ ಹಿಡಿದುಕೊಂಡೆ. ಈಗಲಾದರೂ 'ನಾನೇ ಕಣವ್ವಾ' ಎಂದುಬಿಡು ಮಾವ ಎಂದು ನನ್ನ ಗಂಟಲವರೆಗೂ ಬಂತು. ಆದರೆ ಅವನು ತಾನೇ ಎಂದರೆ ದೊಡ್ಡವನೆಲ್ಲಿ ಎಂದು ಅವಳು ಕೇಳುವುದಿಲ್ಲವೇ?

"ಅವನ ದನಿ ಕೇಳ್ಬೇಕು ಅನ್ನುಸ್ತದೆ," ಎಂದಳು ಅಜ್ಜಿ. "ಅವನಂಗೆ ಒಂಚೂರು ಆಡ್ ತೋರ್ಸ್ಲಾ, ನೋಡಾನ."

ಮಾವ ಗಂಜಿ ಬಟ್ಟಲು ಕೆಳಗಿಟ್ಟ. ಎದ್ದು ನಿಂತ. ಮೊದಲು ಕೆಮ್ಮಿದ. ಆಮೇಲೆ ಯುದ್ಧಕ್ಕೆ ಹೊರಡುವ ಚಕ್ರವರ್ತಿಯ ಮಾತನ್ನು ಎತ್ತಿದ ನೋಡಿ, ವರ್ಷವೆಲ್ಲ ಅದುಮಿಟ್ಟ ದನಿ! ತೊಲೆಯ ಮೇಲಿನ ಧೂಳು ಉದುರಿತು. ಬೀದಿಯಲ್ಲಿ ಹೋಗುವವರು ನಿಂತರು. ಅಷ್ಟು ಚೆನ್ನಾಗಿ ಅವನು ಯಾವ ರಂಗದ ಮೇಲೂ ಆಡಿದ್ದನ್ನು ನಾನು ಕಂಡಿಲ್ಲ. ಅವನ ಕಣ್ಣಿಂದ ನೀರು ಧಾರಾಕಾರ ಸುರಿಯುತ್ತಿತ್ತು, ದನಿ ಮಾತ್ರ ಒಂದು ಕಡೆಯೂ ನಡುಗಲಿಲ್ಲ. ಮುಗಿಸಿ, ಹಾಸಿಗೆಯ ಪಕ್ಕ ಮಂಡಿಯೂರಿ ಕೂತ.

ಅಜ್ಜಿ ಕಾಣದ ಕಣ್ಣನ್ನು ಮುಚ್ಚಿಕೊಂಡೇ ಎಲ್ಲವನ್ನೂ ಕೇಳಿದಳು. ಆಮೇಲೆ ಅವನ ತಲೆ ತಡವಿ, ಸಮಾಧಾನ ಹೇಳುವವಳ ಹಾಗೆ ಅಂದಳು.

"ಪರ್ವಾಗಿಲ್ಲ, ಆಡ್ದೆ. ಆದ್ರೂ ಅವನಂಗೆ ಬರ್ಲಿಲ್ಲ ಕಣ್ಲಾ ದೊಡ್ಡೋನೇ. ಅವನ್ ಗತ್ತೇ ಬ್ಯಾರೆ. ನನ್ ಮಗ ಆಡ್ದಂಗೆ ಇನ್ಯಾರೂ ಆಡಾಕಾಗಲ್ಲ."

ಮಾವ ಸಣ್ಣಗೆ ಕೆಮ್ಮಿದ. "ಊಂ ಕಣವ್ವಾ," ಎಂದ. "ನಂಗೆಲ್ಲಿ ಬರ್ಬೇಕು."